ಹದಿನೈದು ದಿನಕ್ಕೊಮ್ಮೆ ಚಹಾ-ಚುರುಮುರಿ

(ನಮ್ಮ ಸಂಘದ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಮೇಜಿನ ಆಚೆ ಕುಳಿತು ಪತ್ರಿಕೆಗಳನ್ನು ಜೋಡಿಸಿಡುವುದು, ಕೊಟ್ಟ ಪುಸ್ತಕ, ಬಂದ ಪುಸ್ತಕ ಬರೆದಿಡುವುದು ನನ್ನ ಕೆಲಸ. ಎದ್ದು ನಿಂತು ಮಾತನಾಡುವುದು ನನ್ನ ಕೆಲಸವಲ್ಲ. ಈ ತಿಂಗಳು ಭಾಷಣ ಮಾಡಬೇಕಾಗಿದ್ದವರು ಊರಿಗೆ ಹೋಗಿದ್ದಾರೆಂದೂ, ನಾನು ನಮ್ಮ ಮನೆಯಲ್ಲಿ ನಡೆಸುವ ಕೂಟದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದೂ ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಭಿವಂಡಿಯ ಒಂದು ನೇಯ್ಗೆ ಗಿರಣಿಯಲ್ಲಿ ಹಾಜರಿ, ಪಗಾರದ ಲೆಕ್ಕ ಬರೆಯುವ ಗುಮಾಸ್ತ ನಾನು. ಹತ್ತನೆಯ ತರಗತಿಯಿಂದ ಮುಂದೆ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದುದರಿಂದ ಪಾಂಡಿತ್ಯದ ಮಾತು ನನ್ನಿಂದ ಬರಲಾರದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಎಲ್ಲಾದರೂ ತಪ್ಪಿದರೆ ನನ್ನ ಮನೆಯವರು ಮೂರನೆಯ ಸಾಲಿನಲ್ಲಿಯೇ ಕುಳಿತಿದ್ದಾರೆ, ತಿದ್ದುತ್ತಾರೆ.

ಈ ಗೋಡೆಯ ಮೇಲೆ "ದಯವಿಟ್ಟು ಮೌನವಾಗಿರಿ" ಎಂಬ ಫಲಕವಿದೆಯಷ್ಟೆ. ಅದನ್ನು ಬರೆದು ತೂಗುಹಾಕಿದವನು ನಾನೇ. ಅಕ್ಷರ ಚೆನ್ನಾಗಿ ಬಂದಿದೆ ಎಂದು ಆಗ ಹೆಮ್ಮೆಯೂ ಪಟ್ಟಿದ್ದೆ. ಆ ಫಲಕದ ಕೆಳಗಿನ ಕುರ್ಚಿಯಲ್ಲಿ ಒಬ್ಬ ಹಿರಿಯರು ದಿನವೂ ಬೆಳಿಗ್ಗೆ ಬಂದು ಕುಳಿತುಕೊಳ್ಳುತ್ತಿದ್ದರು. ಗೋದಾಮಿನಲ್ಲಿ ರಾತ್ರಿ ಪಾಳಿಯ ಕಾವಲು ಮುಗಿಸಿ ನೇರ ಇಲ್ಲಿಗೆ ಬರುವರು. ಕೊಪ್ಪಳದ ಕಡೆಯವರು. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಪೇಟೆ ಧಾರಣೆಯನ್ನೂ ಬಿಡದೆ ಓದಿ, ಮಡಚಿ ಇಟ್ಟು, ನನ್ನ ಕಡೆ ನೋಡಿ ತಲೆಯಾಡಿಸಿ ಹೋಗುವರು. ನಾನೂ ತಲೆಯಾಡಿಸುತ್ತಿದ್ದೆ. ಇದು ಎಂಟು ತಿಂಗಳು ನಡೆಯಿತು.

2022ರ ಮಳೆಗಾಲದಲ್ಲಿ ಅವರು ಬರುವುದು ನಿಂತಿತು. ನಿಂತದ್ದು ನನಗೆ ತಿಳಿಯಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹಾಜರಿ ಬರೆಯುವುದೇ ನನ್ನ ಹೊಟ್ಟೆಪಾಡು. ದೀಪಾವಳಿಗೆ ಹತ್ತು ದಿನ ಇರುವಾಗ ಅವರು ಮತ್ತೆ ಬಂದರು. ಮೈ ಇಳಿದು ಅಂಗಿ ಜೋತಾಡುತ್ತಿತ್ತು. ಏನಾಯಿತೆಂದು ಕೇಳಿದೆ. ಕಾಮಾಲೆಯಾಗಿ ಖೋಲಿಯಲ್ಲಿ ಹನ್ನೊಂದು ದಿನ ಮಲಗಿದ್ದರಂತೆ. ಪಕ್ಕದ ಖೋಲಿಯ ಬಿಹಾರದ ಹುಡುಗ ಗಂಜಿ ಕಾಯಿಸಿ ಕೊಟ್ಟನಂತೆ. ಕೊನೆಗೆ ಮಗ ಬಂದು ಊರಿಗೆ ಕರೆದುಕೊಂಡು ಹೋದನಂತೆ. "ನಮಗ ಯಾರಿಗಾದ್ರೂ ಹೇಳಿ ಕಳಿಸಬೇಕಿತ್ರಿ" ಎಂದೆ. ಅವರು ಸಿಟ್ಟಿಲ್ಲದೆ, ಬಹಳ ಸರಳವಾಗಿ ಹೇಳಿದರು: "ಯಾರಿಗಂತ ಹೇಳಿ ಕಳಸ್ಲಿ ತಮ್ಮಾ? ನಿನ್ನ ಹೆಸರೇ ನನಗ ಗೊತ್ತಿಲ್ಲಲಾ."

ಅವರು ಹೋದ ಮೇಲೆ ಹಾಜರಿ ಪುಸ್ತಕವನ್ನು ಹಿಂದೆ ಮಗುಚಿ ನೋಡಿದೆ. ಜುಲೈ ಒಂಬತ್ತರವರೆಗೆ ಒಂದು ದಿನವೂ ತಪ್ಪದೆ ಸಹಿ ಇತ್ತು, ಅಲ್ಲಿಂದ ಮುಂದೆ ಇಲ್ಲ. ಆ ಸಹಿಯನ್ನು ನೂರು ಸಹಿಗಳ ನಡುವೆ ನಾನು ಗುರುತಿಸಬಲ್ಲೆ. ಅದನ್ನು ಹಾಕುವವರ ಖೋಲಿ ಯಾವ ಓಣಿಯಲ್ಲಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ಆ ರಾತ್ರಿ ಮನೆಯಲ್ಲಿ ಈ ಮಾತು ಹೇಳಿದೆ. ನಾವು ಕಲ್ಯಾಣಕ್ಕೆ ಬಂದು ಆಗಲೇ ಒಂಬತ್ತು ವರ್ಷವಾಗಿತ್ತು. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆಗಿ ಲೋಕಲ್ ಗಾಡಿ ನಿಂತಾಗ, ಮನೆಯಲ್ಲಿ ಹಿಟ್ಟು ತೀರಿದ ದಿನ ಯಾರಿಗೆ ಫೋನು ಮಾಡುವುದೆಂದು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡಿದ್ದೆವು. ಫೋನಿನಲ್ಲಿ ಇನ್ನೂರು ನಂಬರು ಇದ್ದವು. ಅವು ಗಿರಣಿಯವು, ಅಂಗಡಿಯವು, ಊರಿನವು. ಈ ಊರಿನಲ್ಲಿ "ನಮ್ಮವರು" ಎಂದು ಬೆರಳು ಮಡಿಸಲು ಒಬ್ಬರೂ ಇರಲಿಲ್ಲ.

ನಮ್ಮ ಹಿಂದಿನವರಿಗೆ ಹೀಗೆ ಆಗುತ್ತಿರಲಿಲ್ಲ ಎಂದು ನನ್ನ ಸೋದರಮಾವ ಹೇಳುತ್ತಿದ್ದ. ಅವನು ಲಾಲಬಾಗಿನ ಕಡೆ ಗಿರಣಿಯಲ್ಲಿ ಇದ್ದವನು. ಒಂದೇ ಖೋಲಿಯಲ್ಲಿ ಹದಿನೈದು ಹದಿನಾರು ಜನ. ಒಂದು ಪಾಳಿಯವರು ಎದ್ದು ಹೋದ ಜಾಗದಲ್ಲಿ ಇನ್ನೊಂದು ಪಾಳಿಯವರು ಬಂದು ಮಲಗುವುದು. ಊಟ ಖಾನಾವಳಿಯಲ್ಲಿ. ಅಲ್ಲಿ ಗೆಳೆತನ ಮಾಡಿಕೊಳ್ಳಬೇಕೆಂದು ಯಾರೂ ಹೊರಡುತ್ತಿರಲಿಲ್ಲ, ತಪ್ಪಿಸಿಕೊಳ್ಳಲು ಜಾಗವಿರಲಿಲ್ಲವಷ್ಟೆ! 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಆರಂಭವಾಗಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಗೆ ಬಂದಾಗ, ತಿಂಗಳುಗಟ್ಟಲೆ ಪಗಾರವಿಲ್ಲದ ಮಾವನನ್ನು ಹಿಡಿದು ನಿಲ್ಲಿಸಿದವರು ಆ ಖೋಲಿಯ ಜನ. ಮುಂದೆ ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಆ ಜಾಗದಲ್ಲಿ ಗಾಜಿನ ಕಟ್ಟಡಗಳು ಎದ್ದವು. ಆ ಬಾಳು ಸುಖದ್ದೆಂದು ನಾನು ಹೇಳುವುದಿಲ್ಲ. ಹದಿನಾರು ಜನ ಒಂದು ಖೋಲಿಯಲ್ಲಿ ಮಲಗುವುದು ಯಾರಿಗೂ ಬೇಡ. ಆದರೆ ಈಗ ನಮಗೆ ಒಬ್ಬೊಬ್ಬರಿಗೆ ಒಂದೊಂದು ಖೋಲಿ, ಒಂದೊಂದು ಬಾಗಿಲು, ಕೈಯಲ್ಲಿ ಒಂದೊಂದು ಫೋನು. ಆಗ ತಾನಾಗಿ ಆಗುತ್ತಿದ್ದ ಕೆಲಸವನ್ನು ಈಗ ಬುದ್ಧಿಪೂರ್ವಕ ಮಾಡಬೇಕಾಗಿದೆ.

ಬುದ್ಧಿಪೂರ್ವಕ ಮಾಡಲು ಹೊರಟು ಮೊದಲು ನಾನು ಮಾಡಿದ್ದು ಬುದ್ಧಿಗೇಡಿತನ. ಆ ವರ್ಷದ ದೀಪಾವಳಿಗೆ ಇಪ್ಪತ್ತು ಜನರನ್ನು ಊಟಕ್ಕೆ ಕರೆದೆ. ಹದಿನಾಲ್ಕು ಜನ ಬಂದರು. ನಮ್ಮ ಖೋಲಿ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ; ಅದರಲ್ಲಿಯೇ ಕಟ್ಟೆ, ಒಲೆ, ಕಪಾಟು, ಮಗಳ ಪಾಟೀಚೀಲ. ಹೋಳಿಗೆ, ಕಟ್ಟಿನ ಸಾರು, ಭಜಿ ಎಲ್ಲ ಆಯಿತು. ಎರಡು ಪಂಕ್ತಿ ಊಟ. ಎಲ್ಲರೂ ಹೊಗಳಿದರು. ನಮ್ಮ ಕಾವಲಿನ ಹಿರಿಯರೂ ಬಂದಿದ್ದರು, ಅವರ ಕಣ್ಣಲ್ಲಿ ನೀರು ಬಂತು. ನನಗೂ ಏನೋ ದೊಡ್ಡದು ಸಾಧಿಸಿದ ಹಾಗಾಯಿತು. ಮರುದಿನ ಲೆಕ್ಕ ಬರೆದರೆ ಎರಡು ಸಾವಿರದ ನೂರಾ ನಲವತ್ತು ರೂಪಾಯಿ. ಮನೆಯವರಿಗೆ ಎರಡು ದಿನ ಸೊಂಟನೋವು. ಅದಾದ ಮೇಲೆ ಐದು ತಿಂಗಳು ನಾನು ಯಾರನ್ನೂ ಕರೆಯಲಿಲ್ಲ, ಯಾರೂ ನನ್ನನ್ನು ಕರೆಯಲಿಲ್ಲ. ಬಂದವರು ಪಾಪ, ಕರೆಯಬೇಕಾದರೆ ತಾವೂ ಹೋಳಿಗೆ ಮಾಡಿಸಬೇಕಲ್ಲ ಎಂದು ಹೆದರಿದ್ದರು. ಇದು ನನಗೆ ಬಹಳ ತಡವಾಗಿ ತಿಳಿಯಿತು. ಹೆಚ್ಚು ಆದರ ಮಾಡಿ ನಾನೇ ಅವರ ಬಾಯಿ ಕಟ್ಟಿದ್ದೆ.

"ವರ್ಷಕ್ಕೊಮ್ಮೆ ಜಾತ್ರಿ ಮಾಡಿದ್ರ ಗೆಳೆತನ ಆಗ್ತದೇನ್ರೀ? ಜಾತ್ರ್ಯಾಗ ಯಾರ ಯಾರ್ನ ನೆನಪಿಡ್ತಾರ?" ಎಂದು ಮನೆಯವರು ಕೇಳಿದರು. ಉಪಾಯವನ್ನೂ ಅವರೇ ಹೇಳಿದರು. ಚಹಾ ಮತ್ತು ಚುರುಮುರಿ, ಅದಕ್ಕಿಂತ ಹೆಚ್ಚು ಏನೂ ಇಲ್ಲ. ಹಬ್ಬವಿರಲಿ, ಮಗಳ ಹುಟ್ಟುಹಬ್ಬವಿರಲಿ, ಬಂದವರು ಸಾಹುಕಾರರೇ ಇರಲಿ, ಅಷ್ಟೇ. 2023ರ ಏಪ್ರಿಲಿನಿಂದ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ, ಸಾಯಂಕಾಲ ಐದರಿಂದ ಏಳು. ಲೆಕ್ಕ ಹೇಳುತ್ತೇನೆ, ಕೆಲವರಿಗೆ ಉಪಯೋಗವಾದೀತು: ಹಾಲು ಒಂದು ಲೀಟರು, ಸಕ್ಕರೆ, ಚಹಾಪುಡಿ, ಚುರುಮುರಿ, ಶೇಂಗಾ, ಉಳ್ಳಾಗಡ್ಡಿ, ಕೊತ್ತಂಬರಿ, ಎಲ್ಲ ಸೇರಿ ನೂರಾ ಐವತ್ತರ ಒಳಗೆ. ತಿಂಗಳಿಗೆ ಮುನ್ನೂರು. ನಾನು ಗುಟಕಾ ಬಿಟ್ಟದ್ದರಲ್ಲಿ ಇದು ನಡೆದು ಇನ್ನೂ ಉಳಿಯುತ್ತದೆ.

ಭಾನುವಾರವೇ ಏಕೆಂದು ಕೇಳುತ್ತೀರಿ. ನಮ್ಮಲ್ಲಿ ಕೆಲವರಿಗೆ ಭಾನುವಾರ ರಜೆ, ಕೆಲವರಿಗೆ ಶುಕ್ರವಾರ, ಹೋಟೆಲಿನವರಿಗೆ ರಜೆಯೆಂಬುದೇ ಇಲ್ಲ. ಎಲ್ಲರಿಗೂ ಸರಿಹೋಗುವ ದಿನ ಹುಡುಕುತ್ತ ಕುಳಿತಿದ್ದರೆ ಇಂದಿಗೂ ಹುಡುಕುತ್ತಲೇ ಇರುತ್ತಿದ್ದೆ. ಒಂದು ದಿನ ಹಿಡಿದೆ. ಬರಲಾಗದವರು ಯಾವಾಗಲೋ ಒಮ್ಮೆ ರಜೆ ಬದಲಾಯಿಸಿಕೊಂಡು ಬರುತ್ತಾರೆ, ಏಕೆಂದರೆ ದಿನ ಬದಲಾಗುವುದಿಲ್ಲವೆಂದು ಅವರಿಗೆ ಗೊತ್ತು. ಪ್ರತಿ ಸಲ ಹೊಸದಾಗಿ ಕರೆಯಬೇಕಾದ ಕೂಟ ಮೂರನೆಯ ಸಲಕ್ಕೆ ಸಾಯುತ್ತದೆ. ಗುರುವಾರದ ಸಂತೆಗೆ ಯಾರಾದರೂ ಆಮಂತ್ರಣ ಪತ್ರಿಕೆ ಹಂಚುತ್ತಾರೆಯೆ?

ಹೊಸಬರನ್ನು ಮಾತ್ರ ನಾನು ಮುಖತಃ ಕರೆಯುತ್ತೇನೆ. ವಾಟ್ಸಪ್ಪಿನಲ್ಲಿ ಕರೆದರೆ ಹೆಬ್ಬೆರಳಿನ ಚಿತ್ರ ಬರುತ್ತದೆ, ಮನುಷ್ಯ ಬರುವುದಿಲ್ಲ. ಇಲ್ಲಿ ಪುಸ್ತಕ ಹಿಂದಕ್ಕೆ ಕೊಡಲು ಬಂದಾಗ "ಪುಸ್ತಕ ಹೆಂಗಿತ್ರಿ? ಭಾನುವಾರ ಬರ್ರಿ, ಹೇಳೀರಂತ" ಎನ್ನುತ್ತೇನೆ. ಆರಂಭದಲ್ಲಿ ಮೂವರೇ: ಕಾವಲಿನ ಹಿರಿಯರು, ಇವರನ್ನು ಈಗ ನಾವೆಲ್ಲ ಕಾಕಾ ಎನ್ನುತ್ತೇವೆ, ಕುಂದಾಪುರದ ಕಡೆಯ ಒಬ್ಬ ಹೋಟೆಲ್ ಮೇಸ್ತ್ರಿ, ಮತ್ತು ಲಾರಿ ಆಫೀಸಿನ ಒಬ್ಬ ತರುಣ ಗುಮಾಸ್ತ.

ಕುಂದಾಪುರದವರ ಕನ್ನಡ ಕಾಕಾಗೆ ತಿಳಿಯುತ್ತಿರಲಿಲ್ಲ, ಕಾಕಾರ ಕನ್ನಡ ಅವರಿಗೆ ತಿಳಿಯುತ್ತಿರಲಿಲ್ಲ. ಮೊದಲ ಎರಡು ಭಾನುವಾರ ಇಬ್ಬರೂ ಹಿಂದಿಯಲ್ಲಿ ಮಾತನಾಡಿದರು! ಕನ್ನಡ ಸಂಘದ ಇಬ್ಬರು ಸದಸ್ಯರು ನನ್ನ ಮನೆಯಲ್ಲಿ ಕುಳಿತು ಒಬ್ಬರಿಗೊಬ್ಬರು ಮುರುಕು ಹಿಂದಿ ಮಾತನಾಡಿದ್ದನ್ನು ಅಧ್ಯಕ್ಷರು ಕ್ಷಮಿಸಬೇಕು. ಈಗ ಕಾಕಾ "ಹೌದಾ ಮಾರಾಯ್ರೆ" ಎನ್ನುತ್ತಾರೆ, ಮೇಸ್ತ್ರಿಗಳು "ಹೌದಲ್ರೀ ಮತ್ತ" ಎನ್ನುತ್ತಾರೆ. ಇಬ್ಬರದೂ ಇನ್ನೊಬ್ಬರ ಬಾಯಲ್ಲಿ ಕೆಟ್ಟುಹೋಗಿದೆ.

ಏನು ಮಾತನಾಡುತ್ತೀರಿ ಎಂದು ಕೆಲವರು ಕೇಳಿದ್ದಾರೆ. ಏನೂ ಇಲ್ಲ. ವಿಷಯ ಗೊತ್ತು ಮಾಡಿದರೆ ಅದು ಸಭೆಯಾಗುತ್ತದೆ, ಸಭೆಯಲ್ಲಿ ಬಲ್ಲವರು ಮಾತನಾಡುತ್ತಾರೆ, ಉಳಿದವರು ಕೇಳುತ್ತಾರೆ, ಈಗ ತಾವು ಕುಳಿತಿರುವ ಹಾಗೆ. ಊರಿನ ಮಳೆ, ಮಕ್ಕಳ ಶಾಲೆ, ಭವಿಷ್ಯನಿಧಿಯ ಅರ್ಜಿ ಹೇಗೆ ತುಂಬುವುದು, ಯಾವ ಗಾಡಿಗೆ ಜಾಗ ಸಿಗುತ್ತದೆ, ಇಷ್ಟೇ. ಯಾರಾದರೂ ಓದಿದ ಪುಸ್ತಕದ ಒಂದು ಪುಟ ಓದಿದರೂ ಸರಿ, ಓದದಿದ್ದರೂ ಸರಿ. ಎರಡು ಪ್ರಶ್ನೆ ಮಾತ್ರ ನಮ್ಮಲ್ಲಿ ಇಲ್ಲ: "ಪಗಾರ ಎಷ್ಟು?" ಮತ್ತು "ನೀವು ಯಾವ ಪೈಕಿ?". ಮೊದಲನೆಯದನ್ನು ಕೇಳಿದರೆ ಕಡಿಮೆ ಇದ್ದವನು ಮುಂದಿನ ಸಲ ಬರುವುದಿಲ್ಲ. ಎರಡನೆಯದನ್ನು ಕೇಳಿದರೆ ಯಾರು ಬರುವುದಿಲ್ಲವೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಸೀಮೆಯವರು ಇಲ್ಲಿ ಕೆಲವರಿದ್ದೀರಿ, ನಿಮಗೆ ಹಲಸಂಗಿ ಗೊತ್ತಿದ್ದೀತು. ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಇವರನ್ನು ಕನ್ನಡ ನಾಡು ಇಂದಿಗೂ "ಹಲಸಂಗಿ ಗೆಳೆಯರು" ಎಂದೇ ಕರೆಯುತ್ತದೆ. ಧಾರವಾಡದಲ್ಲಿ 1922ರಲ್ಲಿ ಬೇಂದ್ರೆಯವರು ಕೂಡಿಸಿದ್ದಕ್ಕೂ "ಗೆಳೆಯರ ಗುಂಪು" ಎಂದೇ ಹೆಸರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಹಲಸಂಗಿಯವರು ಕೂಡಿಸಿ 1931ರಲ್ಲಿ "ಗರತಿಯ ಹಾಡು" ಎಂದು ಹೊರತಂದರು. ಅದು ನಮ್ಮ ವಾಚನಾಲಯದ ಎರಡನೆಯ ಕಪಾಟಿನಲ್ಲಿದೆ. ಅವರೆಲ್ಲ ದೊಡ್ಡವರು, ನಾವು ಚುರುಮುರಿ ತಿನ್ನುವವರು, ಹೋಲಿಕೆ ಮಾಡುತ್ತಿಲ್ಲ. ನಾನು ನೋಡುವುದು ಅವರು ಇಟ್ಟುಕೊಂಡ ಹೆಸರನ್ನು ಮಾತ್ರ. ಮಂಡಳ ಎನ್ನಲಿಲ್ಲ, ಪರಿಷತ್ತು ಎನ್ನಲಿಲ್ಲ. ಗೆಳೆಯರು ಎಂದರು.

ಇನ್ನೊಂದು ಸಂಗತಿ ಓದಿದೆ. ಅಮೇರಿಕೆಯ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು ಗೆಳೆತನಕ್ಕೆ ಎಷ್ಟು ಗಂಟೆ ಬೇಕು ಎಂದು ವಿಚಾರಿಸಿ 2018ರಲ್ಲಿ ಪ್ರಕಟಿಸಿದರು. ಬರಿಯ ಪರಿಚಯದವರು ಸಾಮಾನ್ಯ ಗೆಳೆಯರಾಗಲು ಕೂಡಿ ಕಳೆದ ಸುಮಾರು 50 ಗಂಟೆ, ಗೆಳೆಯರೆನಿಸಿಕೊಳ್ಳಲು 90, ಆಪ್ತರಾಗಲು 200ಕ್ಕಿಂತ ಹೆಚ್ಚು ಎಂದು ಅವರ ಅಂದಾಜು. ಗೆಳೆತನವನ್ನು ಗಂಟೆಯಲ್ಲಿ ಅಳೆಯುವುದೇ ಎಂದು ತಾವು ನಗಬಹುದು. ನಾನು ನಗಲಿಲ್ಲ, ನನ್ನ ದಿನವೆಲ್ಲ ಮನುಷ್ಯರನ್ನು ಗಂಟೆಯಲ್ಲಿ ಅಳೆಯುವುದರಲ್ಲೇ ಹೋಗುತ್ತದೆ. ಕಾಗದ ತೆಗೆದುಕೊಂಡು ಲೆಕ್ಕ ಮಾಡಿದೆ. ಹದಿನೈದು ದಿನಕ್ಕೊಮ್ಮೆ ಎರಡು ಗಂಟೆಯಂತೆ ವರ್ಷಕ್ಕೆ ಇಪ್ಪತ್ತಾರು ಸಲ, ಐವತ್ತೆರಡು ಗಂಟೆ. ಅಂದರೆ ವರ್ಷ ತುಂಬುವ ಹೊತ್ತಿಗೆ ಮೊದಲ ಮೆಟ್ಟಿಲು. ವರ್ಷಕ್ಕೊಮ್ಮೆ ಹೋಳಿಗೆ ಊಟವೆಂದರೆ ಮೂರು ಗಂಟೆ. ಐವತ್ತು ಗಂಟೆ ಆಗುವಷ್ಟರಲ್ಲಿ ಮಗಳ ಮದುವೆಯೂ ಆಗಿರುತ್ತದೆ. ಅದೇ ಪ್ರಾಧ್ಯಾಪಕರು, ಕೂಡಿ ಕೆಲಸ ಮಾಡಿದ ಗಂಟೆಗಳು ಇದರಲ್ಲಿ ಅಷ್ಟಾಗಿ ಜಮೆಯಾಗುವುದಿಲ್ಲ ಎಂದೂ ಕಂಡರು. ಇದು ನನ್ನ ಅನುಭವವೂ ಹೌದು. ಗಿರಣಿಯಲ್ಲಿ ನನ್ನ ಮೇಜಿಗೆ ತಾಗಿ ಕುಳಿತವರ ಜೊತೆ ದಿನಕ್ಕೆ ಎಂಟು ಗಂಟೆಯಂತೆ ಆರು ವರ್ಷ ಕಳೆದಿದ್ದೇನೆ, ಅವರ ಮಕ್ಕಳೆಷ್ಟು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಇದುವರೆಗೆ ಅರವತ್ತೊಂದು ಸಲ ಕೂಡಿದ್ದೇವೆ. ಎಲ್ಲ ಸಲವೂ ಚೆನ್ನಾಗಿ ಆಯಿತೆಂದು ತಿಳಿಯಬಾರದು. 2023ರ ಜುಲೈಯ ಒಂದು ಭಾನುವಾರ ಮಧ್ಯಾಹ್ನದಿಂದಲೇ ಮಳೆ ಹಿಡಿದು, ಗಾಡಿಗಳು ನಿಂತು, ಓಣಿಯಲ್ಲಿ ಮೊಣಕಾಲುದ್ದ ನೀರು. ಹತ್ತು ಜನಕ್ಕಾಗುವಷ್ಟು ಚುರುಮುರಿ ಕಲಸಿಟ್ಟುಕೊಂಡು ನಾನು, ಮನೆಯವರು, ಮಗಳು ಚಾಪೆಯ ಮೇಲೆ ಕುಳಿತೆವು. ಐದೂವರೆಯಾಯಿತು, ಆರಾಯಿತು. ಮಗಳು ಎಲ್ಲವನ್ನೂ ತಾನೇ ತಿನ್ನುವ ಸಂತೋಷದಲ್ಲಿದ್ದಳು. "ಬಾಗಲಾ ಹಾಕ್ಲ್ಯಾ?" ಎಂದು ಮನೆಯವರು ಕೇಳಿದರು. ಏಳರವರೆಗೆ ಇರಲಿ ಎಂದೆ. ಆರೂ ನಲವತ್ತಕ್ಕೆ ಕಾಕಾ ಬಂದರು, ತಲೆಯ ಮೇಲೆ ಪ್ಲಾಸ್ಟಿಕ್ ಚೀಲ, ಕೈಯಲ್ಲಿ ಚಪ್ಪಲಿ. "ನೀವು ಬಾಗಲಾ ತೆರಕೊಂಡು ಕುಂತಿರ್ತೀರಿ ಅಂತ ಬಂದೆ" ಎಂದರು. ಅಂದು ಬಾಗಿಲು ಹಾಕಿದ್ದರೆ ಅವರು ಮತ್ತೆ ಬರುತ್ತಿದ್ದರೋ ಇಲ್ಲವೋ.

ಈಗ ನನ್ನ ಎರಡು ತಪ್ಪುಗಳನ್ನು ಹೇಳಬೇಕು. ಒಂದನ್ನು ಹೇಳದಿದ್ದರೆ ಮೂರನೆಯ ಸಾಲಿನಿಂದ ಆಕ್ಷೇಪಣೆ ಬರುತ್ತದೆ.

ಮೊದಲ ಆರು ತಿಂಗಳು ಬರುತ್ತಿದ್ದವರೆಲ್ಲ ಗಂಡಸರು. ನಾವು ಚಾಪೆಯ ಮೇಲೆ ಕುಳಿತು ನಗುತ್ತಿದ್ದೆವು. ನಾಲ್ಕು ಅಡಿ ದೂರದಲ್ಲಿ, ಪರದೆಯ ಆಚೆ, ಮನೆಯವರು ಒಂದು ಸುತ್ತು ಚಹಾ ಮುಗಿಸಿ ಇನ್ನೊಂದು ಸುತ್ತಿಗೆ ಇಡುತ್ತಿದ್ದರು. ಒಂದು ಭಾನುವಾರ ಎಲ್ಲರೂ ಹೋದ ಮೇಲೆ, ಕಪ್ಪುಗಳ ರಾಶಿಯ ಮುಂದೆ ಕುಳಿತು ಹೇಳಿದರು: "ನಿಮಗ ಗೆಳ್ಯಾರಾದ್ರು. ನನಗ ಭಾಂಡೆ ಆದವು." ನನಗೆ ಉತ್ತರ ಹೊಳೆಯಲಿಲ್ಲ. ಅವರಿಗೂ ನನ್ನಷ್ಟೇ ವರ್ಷ ಈ ಊರಿನಲ್ಲಿ ಕಳೆದಿದೆ. ನಾನಾದರೂ ಗಿರಣಿಗೆ, ವಾಚನಾಲಯಕ್ಕೆ ಹೋಗುತ್ತೇನೆ. ಅವರಿಗೆ ಆ ಹತ್ತು ಹನ್ನೆರಡು ಅಡಿಯೇ. ಗೆಳೆತನ ಯಾರಿಗೆ ಹೆಚ್ಚು ಬೇಕಾಗಿತ್ತೋ ಅವರನ್ನೇ ನಾನು ಪರದೆಯ ಆಚೆ ಕೂರಿಸಿದ್ದೆ.

ಮುಂದಿನ ಸಲ ಪರದೆ ತೆಗೆದೆವು. ಚಹಾ ಮಾಡುವವನು ನಾನು. ಮೊದಲ ಸಲ ನನ್ನ ಚಹಾ ಕುಡಿದು ಮೇಸ್ತ್ರಿಗಳು, ಪಾಪ, ಹೋಟೆಲಿನವರು, ಬಹಳ ಹೊತ್ತು ಏನೂ ಹೇಳಲಿಲ್ಲ. ಕುಡಿದ ಕಪ್ಪನ್ನು ಕುಡಿದವರೇ ತೊಳೆಯಬೇಕು. ಈ ನಿಯಮಕ್ಕೆ ಇಬ್ಬರು ಹಿರಿಯರು ಮುಖ ಸಿಂಡರಿಸಿದರು, ಒಬ್ಬರು ಬರುವುದನ್ನೇ ಬಿಟ್ಟರು. ಬಿಡಲಿ. ಅಲ್ಲಿಂದ ಬರುವವರು ಹೆಂಡತಿ ಮಕ್ಕಳನ್ನೂ ಕರೆತರತೊಡಗಿದರು. ಲಾರಿ ಆಫೀಸಿನವನ ಹೊಸ ಹೆಂಡತಿ ಮೊದಲ ದಿನ ನನ್ನ ಮನೆಯವರಿಗೆ "ವೈನಿ" ಎಂದಳು. ಈಗ ಇಬ್ಬರೂ ಕೂಡಿ ಕಾಯಿಪಲ್ಯೆ ಪೇಟೆಗೆ ಹೋಗುತ್ತಾರೆ, ನನಗೆ ತಿಳಿಯದ ಎಷ್ಟೋ ಮಾತು ಅವರಲ್ಲಿ ನಡೆಯುತ್ತದೆ. ಹೀಗೆ ನಾನು ಲೆಕ್ಕ ಹಾಕದ ಗಂಟೆಗಳು ಎಲ್ಲೆಲ್ಲಿಯೋ ಜಮೆಯಾಗುತ್ತಿವೆ.

ಚಾಳಿನವರ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪಕ್ಕದ ಖೋಲಿಯ ಮರಾಠಿ ಕಾಕೂ ಗದ್ದಲವಾಗುತ್ತದೆಂದು ಎರಡು ಸಲ ಗೋಡೆ ಬಡಿದರು. ಮೂರನೆಯ ಸಲಕ್ಕೆ ನಾವೇ ಹೋಗಿ ಕರೆದೆವು. ಬಂದು ಅರ್ಧ ಗಂಟೆ ಕುಳಿತರು. ಈಗ ಕೆಲವು ಸಲ ಬರುತ್ತಾರೆ, ಬರದಿದ್ದರೂ ಗೋಡೆ ಬಡಿಯುವುದಿಲ್ಲ. ಕನ್ನಡದ ಕೂಟದಲ್ಲಿ ಮರಾಠಿ ಏಕೆಂದು ಒಬ್ಬರು ನನ್ನನ್ನು ಕೇಳಿದರು. ಗೋಡೆ ಒಂದೇ ಇದೆ, ಎಂದೆ.

ಎರಡನೆಯ ತಪ್ಪು ದುಡ್ಡಿನದು. ನಮ್ಮಲ್ಲಿ ಬರುತ್ತಿದ್ದ ಒಬ್ಬ ತರುಣ ತಂಗಿಯ ಮದುವೆಗೆಂದು ಮೂವರ ಹತ್ತಿರ ಬೇರೆ ಬೇರೆಯಾಗಿ ಮೂರು ಮೂರು ಸಾವಿರ ಕೈಗಡ ಪಡೆದ. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದು. ಹೇಳಿದ ತಿಂಗಳಿಗೆ ಹಿಂದಿರುಗಿಸಲಾಗಲಿಲ್ಲ. ಅವನು ಬರುವುದು ನಿಂತಿತು. ಅವನು ಬರದಿರುವುದು ಸಾಲ ಕೊಟ್ಟವರಿಗೆ ಇನ್ನಷ್ಟು ಸಿಟ್ಟು ತಂದಿತು. ಒಂದು ಭಾನುವಾರ ಎರಡು ಗಂಟೆಯೂ ಅವನದೇ ಮಾತು. ಆ ದಿನ ಚುರುಮುರಿ ಉಳಿಯಿತು. ಮುಂದಿನ ಭಾನುವಾರ ನಾಲ್ಕೇ ಜನ. ಕೂಟ ಮುಗಿಯಿತೆಂದೇ ತಿಳಿದೆ.

ತಪ್ಪು ಅವನದು ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಸಂಬಂಧ ಬೆಳೆದ ಮೇಲೆ ಕಷ್ಟ ಹೇಳಿಕೊಳ್ಳದೆ ಏನು ಹೇಳಿಕೊಳ್ಳಬೇಕು? ನಾನು ಅವನ ಖೋಲಿಗೆ ಹೋದೆ. ಬಾಗಿಲು ತೆರೆದವನು ನನ್ನನ್ನು ನೋಡಿ ಹೆದರಿದ. ವಸೂಲಿಗೆ ಬಂದಿಲ್ಲ, ಚಹಾ ಕುಡಿಯಲು ಬಂದಿದ್ದೇನೆ ಎಂದೆ. ಕಾಗದದ ಮೇಲೆ ತಿಂಗಳಿಗೆ ಒಂದೂವರೆ ಸಾವಿರದಂತೆ ಆರು ಕಂತು ಬರೆದೆವು, ಒಬ್ಬೊಬ್ಬರಿಗೂ ಐದು ಐದುನೂರು. ಮೂವರಲ್ಲಿ ಇಬ್ಬರು ಒಪ್ಪಿದರು. ಒಬ್ಬರು ಒಪ್ಪಲಿಲ್ಲ, ನಾನು ಅವನ ಪರ ವಹಿಸಿದೆನೆಂದು ನನ್ನ ಮೇಲೂ ಮುನಿದರು. ಅವರ ದುಡ್ಡು ಪೂರ್ತಿ ಬಂತು, ಅವರು ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಈಗಲೂ ಆಚೆ ನೋಡಿ ಹೋಗುತ್ತಾರೆ. ನಾನು ಬೇರೆ ರೀತಿ ಮಾಡಬೇಕಾಗಿತ್ತೇನೋ, ಇಂದಿಗೂ ಗೊತ್ತಾಗಿಲ್ಲ. ತರುಣ ಮಾತ್ರ ನಾಲ್ಕನೆಯ ಕಂತು ಕೊಟ್ಟ ತಿಂಗಳು ತಾನೇ ಬಂದು ಹೊಸ್ತಿಲ ಹತ್ತಿರ ಕುಳಿತ, ಯಾರೂ ಏನೂ ಕೇಳಲಿಲ್ಲ. ಅಲ್ಲಿಂದ ಒಂದು ಮಾತು ಮಾಡಿಕೊಂಡಿದ್ದೇವೆ: ಕಷ್ಟವನ್ನು ಎಲ್ಲರ ಮುಂದೆ ಹೇಳಬಹುದು, ಕೈಗಡವನ್ನು ಗುಟ್ಟಾಗಿ ಕೇಳಬಾರದು.

2024ರ ಡಿಸೆಂಬರಿನ ಒಂದು ಭಾನುವಾರ ಕಾಕಾ ಬರಲಿಲ್ಲ. ಮಳೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಬಂದವರು ಚಳಿಗಾಲದ ಒಣ ದಿನ ಬರಲಿಲ್ಲವೆಂದರೆ ಏನೋ ಆಗಿದೆ. ಇದನ್ನು ನಾನು ಹೇಳಲಿಲ್ಲ, ಆರು ಗಂಟೆಗೆ ಲಾರಿ ಆಫೀಸಿನವನು ಹೇಳಿದ. ಫೋನು ಬಾರಿಸಿದರೆ ಎತ್ತಲಿಲ್ಲ. ಮೇಸ್ತ್ರಿಗಳೂ ಅವನೂ ಎದ್ದು ಹೋದರು. ಕಾಕಾ ಬೆಳಿಗ್ಗೆ ಬಚ್ಚಲಿನಲ್ಲಿ ಜಾರಿ ಬಿದ್ದು, ಪಾದ ಊದಿಸಿಕೊಂಡು, ಹಾಸಿಗೆಯವರೆಗೆ ತೆವಳಿಕೊಂಡು ಬಂದು ಮಲಗಿದ್ದರು. ಫೋನು ಬಚ್ಚಲಿನ ಗೂಡಿನಲ್ಲಿಯೇ ಉಳಿದಿತ್ತು. ಅದೇ ಚಾಳಿನ ಬಿಹಾರದ ಹುಡುಗ ಆಗಲೇ ಊರಿಗೆ ಹೋಗಿದ್ದ. ಇಬ್ಬರೂ ಅವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಎಲುಬು ಬಿರಿದಿತ್ತು. ಪ್ಲಾಸ್ಟರು ಹಾಕಿಸಿಕೊಂಡು ರಾತ್ರಿ ಹತ್ತೂವರೆಗೆ ಮರಳಿದರು. ಮಾರನೆಯ ದಿನದಿಂದ ಐದು ವಾರ ಅವರ ಊಟ ಐದು ಮನೆಗಳಿಂದ ಸರದಿಯಂತೆ ಹೋಯಿತು. ಸರದಿಯ ಪಟ್ಟಿ ಬರೆದವರು ನನ್ನ ಮನೆಯವರು, ನಾನಲ್ಲ. ಅದರಲ್ಲಿ ಗುರುವಾರದ ಡಬ್ಬಿ ಮರಾಠಿ ಕಾಕೂರದಾಗಿತ್ತು.

ಕಾಕಾ ಅಂದು ಸಾಯಂಕಾಲದವರೆಗೂ ಯಾರಿಗೂ ಕೂಗಿ ಹೇಳಲಿಲ್ಲವಂತೆ. ಏಕೆಂದು ಕೇಳಿದೆವು. "ಭಾನುವಾರ ಐತಲಾ, ಬರ್ತೀರಿ ಅಂತ ಗೊತ್ತಿತ್ತು" ಎಂದರು. ಹಾಗೆ ಮಾಡಬಾರದು, ಕೂಗಬೇಕು ಎಂದು ಮೇಸ್ತ್ರಿಗಳು ಚೆನ್ನಾಗಿ ಬೈದರು.

ಹೆಚ್ಚು ಹೊತ್ತು ತೆಗೆದುಕೊಂಡೆ. ಎರಡು ಸೂಚನೆಗಳನ್ನು ಕೊಟ್ಟು ಕುಳಿತುಕೊಳ್ಳುತ್ತೇನೆ. ಈ ವಾಚನಾಲಯದ ಹಾಜರಿ ಪುಸ್ತಕದಲ್ಲಿ ಈ ತಿಂಗಳಿನಿಂದ ಎರಡು ಹೊಸ ಕಲಮು ಹಾಕಿದ್ದೇವೆ: ಒಂದು ಖೋಲಿಯ ವಿಳಾಸ, ಇನ್ನೊಂದು ನೆರೆಯವರ ಫೋನು ನಂಬರು. ತುಂಬಲು ಯಾರೂ ಬೇಸರಪಡಬಾರದು. ಅದನ್ನು ನಾವು ಇನ್ನಾವುದಕ್ಕೂ ಬಳಸುವುದಿಲ್ಲ. ನಮ್ಮ ಖೋಲಿಯಲ್ಲಿ ಹನ್ನೆರಡು ಜನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಕಳೆದೆರಡು ಸಲ ಮೂವರು ಹೊರಗೆ ಮೆಟ್ಟಿಲ ಮೇಲೆ ಕುಳಿತರು. ಆದುದರಿಂದ ನಮ್ಮದಲ್ಲದ ಭಾನುವಾರಗಳಲ್ಲಿ ತಮ್ಮ ಮನೆಯಲ್ಲಿ ಕೂಡಿಸಲು ಮನಸ್ಸಿದ್ದವರು ಸಭೆ ಮುಗಿದ ಮೇಲೆ ನನ್ನ ಮನೆಯವರ ಹತ್ತಿರ ಹೆಸರು ಬರೆಸಿರಿ. ಚಾಪೆ ಎರಡು ನಮ್ಮಲ್ಲಿ ಹೆಚ್ಚಿಗೆ ಇವೆ, ಕೊಡುತ್ತೇವೆ. ಹೋಳಿಗೆ ಮಾಡುತ್ತೇನೆ ಎನ್ನುವವರ ಹೆಸರನ್ನು ಅವರು ಬರೆದುಕೊಳ್ಳುವುದಿಲ್ಲವಂತೆ.